ಎಂಜಲಿನಲ್ಲಿ ವಸಡಿನ ಬ್ಯಾಕ್ಟೀರಿಯಾ ಹುಡುಕುವ ಬಯೋಸೆನ್ಸರ್‌ಗಳು: ಯಾವುದು ಯಾರಿಗೆ?

ಎಂಜಲಿನ ಪರೀಕ್ಷೆಗೆ ಕೈಹಾಕಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದ್ದೆ. ವಸಡಿನ ರೋಗವಿದ್ದ ಹನ್ನೆರಡು ಜನರ ಎಂಜಲನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಜೋಪಾನವಾಗಿ ಎತ್ತಿಕೊಂಡು, ತಳದಲ್ಲಿ ಕೂತಿದ್ದ ಬೆಳ್ಳನೆಯ ಗಸಿಯನ್ನು ತೊಳೆದು ಚೆಲ್ಲಿದೆ. ಪ್ರೋಟೀನ್ ಅಳೆಯುವವರೆಲ್ಲ ಮಾಡುವುದು ಹಾಗೆಯೇ. ಹನ್ನೆರಡೂ ಮಾದರಿಗಳಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದು ಬಯೋಸೆನ್ಸರ್, ಅಂದರೆ ಗುರಿಯ ಜೈವಿಕ ವಸ್ತುವನ್ನು ಹಿಡಿದು ಸಂಕೇತ ಕೊಡುವ ಸಾಧನ, ಹೇಳಿತು. ಎರಡು ದಿನ ಎಲೆಕ್ಟ್ರೋಡನ್ನು ಬೈದೆ, ಪ್ರತಿಕಾಯ (ಗುರಿಯನ್ನು ಆಯ್ದು ಹಿಡಿಯುವ ಪ್ರೋಟೀನ್) ಕಳುಹಿಸಿದವರನ್ನೂ ಬೈದೆ. ಮೂರನೆಯ ದಿನ ಹೊಳೆಯಿತು: ಆ ಸೆನ್ಸರ್ ಹಿಡಿಯಬೇಕಾಗಿದ್ದದ್ದು ಇಡೀ ಬ್ಯಾಕ್ಟೀರಿಯಾ ಕೋಶವನ್ನು. ಕೋಶಗಳೆಲ್ಲ ಗಸಿಯ ಜೊತೆ ಸಿಂಕಿನಲ್ಲಿ ಇಳಿದುಹೋಗಿದ್ದವು.

ಅಂದಿನಿಂದ ಯಾರಾದರೂ ‘ಎಂಜಲಿನ ಸೆನ್ಸರ್‌ಗಳಲ್ಲಿ ಯಾವುದು ಒಳ್ಳೆಯದು’ ಎಂದು ಕೇಳಿದರೆ ನಾನು ಯಂತ್ರದ ಮಾತು ಎತ್ತುವುದಿಲ್ಲ. ಅದು ಹಿಡಿಯುವುದು ಏನನ್ನು ಎಂದು ಮೊದಲು ಕೇಳುತ್ತೇನೆ. ಗ್ರಾಫೀನ್, ಚಿನ್ನದ ನ್ಯಾನೋಕಣ, ಕ್ರಿಸ್ಪರ್ ಎಂಬ ಹೆಸರುಗಳು ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿರುತ್ತವೆ. ಹಿಡಿಯುವ ವಸ್ತು ಯಾವುದು ಎಂಬುದು ಕೆಳಗೆಲ್ಲೋ ಸಣ್ಣಕ್ಷರದಲ್ಲಿರುತ್ತದೆ. ಆಯ್ಕೆ ನಿಂತಿರುವುದು ಆ ಸಣ್ಣಕ್ಷರದ ಮೇಲೆ.

ಆನೆ, ಲದ್ದಿ, ಮುರಿದ ಬಾಳೆ, ಪಟಾಕಿ

ಹುಡುಕಾಟದ ಮುಖ್ಯ ಆರೋಪಿ ಪೋರ್ಫಿರೊಮೊನಾಸ್ ಜಿಂಜಿವಾಲಿಸ್. ಆಮ್ಲಜನಕ ಕಂಡರೆ ಆಗದ, ರಕ್ತ ಬೆರೆಸಿದ ಅಗಾರ್ ತಟ್ಟೆಯಲ್ಲಿ ಕಪ್ಪು ಕಪ್ಪಾಗಿ ಬೆಳೆಯುವ ಸಣ್ಣ ಬ್ಯಾಕ್ಟೀರಿಯಾ. 1998ರಲ್ಲಿ ಬಾಸ್ಟನ್ನಿನ ಫೋರ್ಸಿತ್ ಸಂಸ್ಥೆಯ ಸಿಗ್ಮಂಡ್ ಸೊಕ್ರಾನ್ಸ್ಕಿ ಮತ್ತು ಸಂಗಡಿಗರು ಹಲ್ಲಿನ ಪಾಚಿಯ ಬ್ಯಾಕ್ಟೀರಿಯಾಗಳನ್ನು ಬಣ್ಣದ ಗುಂಪುಗಳಾಗಿ ವಿಂಗಡಿಸಿದಾಗ, ಇದನ್ನು ಟ್ರೆಪೊನೆಮಾ ಡೆಂಟಿಕೋಲಾ ಮತ್ತು ಟ್ಯಾನೆರೆಲ್ಲಾ ಫಾರ್ಸಿತಿಯಾ ಜೊತೆ ‘ಕೆಂಪು ಗುಂಪಿಗೆ’ ಸೇರಿಸಿದರು. ವಸಡು ಹಲ್ಲಿನಿಂದ ಬಿಟ್ಟುಕೊಂಡು ಆಳವಾದ ಜೇಬು ಆಗಿರುವಲ್ಲಿ ಈ ಮೂವರು ಒಟ್ಟಿಗೆ ಸಿಗುವುದೇ ಹೆಚ್ಚು.

ಇವರ ಮನೆ ಎಂಜಲಲ್ಲ, ವಸಡಿನ ಜೇಬು. ಅಲ್ಲಿಂದ ತೊಳೆದು ಬಂದವು ಮಾತ್ರ ಎಂಜಲಿನಲ್ಲಿ ತೇಲುತ್ತವೆ. ಹಾಗಾಗಿ ಎಂಜಲಿನ ಪರೀಕ್ಷೆ ಇಡೀ ಬಾಯಿಯ ಸರಾಸರಿಯನ್ನು ಹೇಳುತ್ತದೆಯೇ ಹೊರತು, ಕೆಳದವಡೆಯ ಬಲಗಡೆಯ ಎರಡನೆಯ ದವಡೆ ಹಲ್ಲಿನ ಹಿಂದೆ ಆರು ಮಿಲಿಮೀಟರ್ ಜೇಬಿದೆ ಎಂದು ಹೇಳುವುದಿಲ್ಲ. ಆ ಕೆಲಸಕ್ಕೆ ದಂತವೈದ್ಯರ ಕೈಯಲ್ಲಿರುವ ಗೆರೆ ಹಾಕಿದ ಪ್ರೋಬ್ ಕಡ್ಡಿಯೇ ಬೇಕು. ಯಾವ ಬಯೋಸೆನ್ಸರೂ ಇನ್ನೂ ಅದನ್ನು ಮೂಲೆಗೆ ಸೇರಿಸಿಲ್ಲ.

ಒಂದೇ ರೋಗದ ಬೇರೆ ಬೇರೆ ಗುರುತುಗಳನ್ನು ಬೇರೆ ಬೇರೆ ಸೆನ್ಸರ್‌ಗಳು ಹಿಡಿಯುತ್ತವೆ. ಸಕಲೇಶಪುರದ ಕಡೆಯ ಕಾಫಿ ತೋಟದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ರಾತ್ರಿ ತೋಟಕ್ಕೆ ಆನೆ ಬಂದಿತ್ತೇ ಎಂದು ತಿಳಿಯಲು ನಾಲ್ಕು ದಾರಿಗಳಿವೆ. ಆನೆಯನ್ನೇ ನೋಡಬಹುದು. ಲದ್ದಿ ನೋಡಬಹುದು. ಮುರಿದು ಬಿದ್ದ ಬಾಳೆ ನೋಡಬಹುದು. ಇಲ್ಲವೇ ಪಕ್ಕದ ತೋಟದವರು ಹೊಡೆದ ಪಟಾಕಿಯ ಸದ್ದು ಕೇಳಿ ಊಹಿಸಬಹುದು.

ಪ್ರತಿಕಾಯದಿಂದಲೋ ಆಪ್ಟಮರ್ ಎಂಬ ಕೃತಕ ಡಿಎನ್‌ಎ ಎಳೆಯಿಂದಲೋ ಇಡೀ ಕೋಶವನ್ನು ಹಿಡಿಯುವ ಸೆನ್ಸರ್ ಆನೆಯನ್ನೇ ನೋಡುತ್ತದೆ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಮತ್ತು ಕ್ರಿಸ್ಪರ್ ತಂತ್ರಗಳು ನೋಡುವುದು ಲದ್ದಿಯನ್ನು: ಡಿಎನ್‌ಎ ಇದ್ದರೆ ಬ್ಯಾಕ್ಟೀರಿಯಾ ಬಂದಿತ್ತು ಎಂಬುದು ಖಾತ್ರಿ, ಈಗಲೂ ಬದುಕಿದೆಯೋ ಸತ್ತಿದೆಯೋ ಗೊತ್ತಿಲ್ಲ. ಜಿಂಜಿವಾಲಿಸ್ ಬಿಡುವ ಜಿಂಜಿಪೇನ್ ಎಂಬ ಕಿಣ್ವವನ್ನು ಅಳೆಯುವವು ಮುರಿದ ಬಾಳೆಯನ್ನು ನೋಡುತ್ತವೆ, ಹಾನಿ ನಡೆಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಎಂಎಂಪಿ-8 ಅಳೆಯುವವು ಕೇಳಿಸಿಕೊಳ್ಳುವುದು ಪಟಾಕಿಯ ಸದ್ದನ್ನು. ಅದು ಬ್ಯಾಕ್ಟೀರಿಯಾದ್ದಲ್ಲ, ನಮ್ಮದೇ ಬಿಳಿರಕ್ತಕಣಗಳು ಬಿಡುವ, ವಸಡಿನ ಕೊಲಾಜನ್ ಕತ್ತರಿಸುವ ಕಿಣ್ವ. ಪಟಾಕಿಯನ್ನು ಕಾಡುಹಂದಿಗೂ ಹೊಡೆಯುತ್ತಾರೆ ಎಂಬುದನ್ನು ಮರೆಯಬಾರದು.

ಐದನೆಯದೂ ಒಂದಿದೆ, ಬ್ಯಾಕ್ಟೀರಿಯಾದ ಹೊರಗೋಡೆಯ ವಿಷವಸ್ತು, ಎಂಡೋಟಾಕ್ಸಿನ್. ಇದು ಆನೆಗೂ ಲದ್ದಿಗೂ ನಡುವಿನದು. ಬಾಯಿಯಲ್ಲಿರುವ ಬೇರೆ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳಲ್ಲೂ ಅದರ ದಾಯಾದಿಗಳಿರುವುದರಿಂದ, ಬಳಸಿದ ಪ್ರತಿಕಾಯ ಎಷ್ಟು ಆಯ್ದು ಹಿಡಿಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನೊಂದು ತೊಡಕು. ವಸಡು ಗಟ್ಟಿಯಾಗಿರುವವರ ಬಾಯಿಯಲ್ಲೂ ಜಿಂಜಿವಾಲಿಸ್ ಸಿಗುತ್ತದೆ. 2012ರ ಹೊತ್ತಿಗೆ ಜಾರ್ಜ್ ಹಜಿಶೆಂಗಾಲಿಸ್ ಮತ್ತು ಜೊತೆಗಾರರು ಇದನ್ನು ಕಮಾನಿನ ನಡುಗಲ್ಲಿಗೆ ಹೋಲಿಸಿದರು. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಉಳಿದ ಬ್ಯಾಕ್ಟೀರಿಯಾಗಳ ಸಮತೋಲ ಕೆಡಿಸಿ ರೋಗಕ್ಕೆ ದಾರಿ ಮಾಡಬಲ್ಲದು ಎಂಬುದು ಅವರ ವಾದ. ಹಾಗಾದರೆ ‘ಇದೆ’ ಎಂದ ಮಾತ್ರಕ್ಕೆ ರೋಗವಲ್ಲ, ‘ಕಡಿಮೆ ಇದೆ’ ಎಂದ ಮಾತ್ರಕ್ಕೆ ನೆಮ್ಮದಿಯೂ ಇಲ್ಲ. ಸೆನ್ಸರ್ ಮಾಡುವವರು ‘ನಮ್ಮದು ಮಿಲಿಲೀಟರಿಗೆ ಹತ್ತೇ ಕೋಶಗಳಿದ್ದರೂ ಹಿಡಿಯುತ್ತದೆ’ ಎಂದು ಹೆಮ್ಮೆಪಟ್ಟಾಗ ನನಗೆ ಅಷ್ಟೇನೂ ಖುಷಿಯಾಗುವುದಿಲ್ಲ. ಹತ್ತು ಕೋಶ ಹಿಡಿಯುವುದು ಕ್ಷಯಕ್ಕೋ ಕಾಲರಾಕ್ಕೋ ಒಪ್ಪುವ ಗುಣ. ಇಲ್ಲಿ ಬೇಕಿರುವುದು ಹೆಚ್ಚು ಕಡಿಮೆಯನ್ನು ನಂಬಿಕೆಯಿಂದ ಬೇರ್ಪಡಿಸುವ ತಕ್ಕಡಿ.

ಎಂಜಲು ಎಂಬ ಎದುರಾಳಿ

ಎಂಜಲು ನೂರಕ್ಕೆ ತೊಂಬತ್ತೊಂಬತ್ತು ಭಾಗ ನೀರು. ಉಳಿದ ಒಂದು ಭಾಗವೇ ಎಲ್ಲ ತಾಪತ್ರಯಕ್ಕೂ ಕಾರಣ. ಪೈಪೆಟ್ಟಿನಲ್ಲಿ ಎಳೆದು ನೋಡಿದವರಿಗೆ ಗೊತ್ತು: ನೂರು ಮೈಕ್ರೋಲೀಟರ್ ಎಳೆದಿದ್ದೇವೆ ಎಂದುಕೊಂಡರೆ ತುದಿಯಿಂದ ಒಂದು ದಾರ ಇನ್ನೂ ಸೀಸೆಯೊಳಕ್ಕೆ ಜೋತಾಡುತ್ತಿರುತ್ತದೆ. ಅದು ಮ್ಯೂಸಿನ್. ಪೈಪೆಟ್ ಎತ್ತಿದಷ್ಟೂ ದಾರ ಉದ್ದವಾಗುತ್ತದೆ, ಕೊನೆಗೆ ಪಟ್ಟನೆ ಕಡಿದು ಅರ್ಧ ಮಾದರಿ ಹಿಂದಕ್ಕೆ ಹೋಗುತ್ತದೆ. ಈ ಅಂಟು ಸೆನ್ಸರ್ ಮೇಲ್ಮೈಗೂ ಅಂಟಿಕೊಳ್ಳುತ್ತದೆ. ಬಫರ್ ಎಂಬ ಶುದ್ಧ ಲವಣ ದ್ರಾವಣದಲ್ಲಿ ಸೊಗಸಾಗಿ ಕೆಲಸ ಮಾಡಿದ ಎಲೆಕ್ಟ್ರೋಡು ಎಂಜಲಿನಲ್ಲಿ ಮೂಗ ಆಗುವುದು ಈ ಕಾರಣಕ್ಕೆ.

ಅಮೈಲೇಸ್ ಇನ್ನೊಂದು ಕಾಟ. ಅನ್ನದ ಪಿಷ್ಟವನ್ನು ಬಾಯಲ್ಲೇ ಸಿಹಿ ಮಾಡುವ ಕಿಣ್ವವಿದು, ಎಂಜಲಿನಲ್ಲಿ ಧಾರಾಳವಾಗಿದೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಆಂಡ್ರ್ಯೂ ಸ್ಟೆಕಲ್ ತಂಡ ಜಿಂಜಿವಾಲಿಸ್‌ನ ಎಂಡೋಟಾಕ್ಸಿನ್ ಹಿಡಿಯುವ ಕಾಗದದ ಪಟ್ಟಿ ಮಾಡಲು ಹೊರಟಾಗ ಇದೇ ಅಡ್ಡ ಬಂತು. ಅವರು ಕಂಡುಕೊಂಡ ಉಪಾಯ ಆಲೂಗಡ್ಡೆಯ ಪಿಷ್ಟ. ಮಾದರಿಯನ್ನು ಮೊದಲು ಅದರೊಂದಿಗೆ ಸೇರಿಸಿ ಅಮೈಲೇಸ್ ಕಡಿಮೆ ಮಾಡಿ, ಆಮೇಲೆ ಪಟ್ಟಿಗೆ ಬಿಟ್ಟರು. ಅಡುಗೆಮನೆಯ ಜಾಣತನ ಪ್ರಯೋಗಾಲಯಕ್ಕೆ ಬಂದ ಇಂಥ ಪ್ರಸಂಗಗಳು ನನಗೆ ನ್ಯಾನೋಕಣಗಳಿಗಿಂತ ಇಷ್ಟ.

ನಮ್ಮ ಕಡೆಯದೇ ಒಂದು ತೊಂದರೆಯಿದೆ, ಎಲೆ ಅಡಿಕೆ. ಊಟವಾದ ಮೇಲೆ ತಾಂಬೂಲ ಹಾಕಿಕೊಂಡು ಬಂದವರ ಎಂಜಲನ್ನು ಚಿನ್ನದ ಕಣಗಳ ಪಟ್ಟಿಗೆ ಬಿಟ್ಟರೆ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ನಸುಗೆಂಪಾಗುತ್ತದೆ. ಪರೀಕ್ಷೆಯ ಗೆರೆಯೂ ಕೆಂಪೇ. ಕಣ್ಣು ಕಿರಿದು ಮಾಡಿ ನೋಡುತ್ತ ‘ಗೆರೆ ಇದೆಯೇನೋ’ ಎನ್ನುವುದು ಬಿಟ್ಟರೆ ದಾರಿಯಿಲ್ಲ. ಸುಣ್ಣದಿಂದ ಕ್ಷಾರಗುಣವೂ ಏರುತ್ತದೆ. ಯುರೋಪಿನಲ್ಲಿ ಪರೀಕ್ಷಿಸಿ ತಂದ ಪಟ್ಟಿಗೆ ತಾಂಬೂಲದ ಪರಿಚಯವಿರುವುದು ಅನುಮಾನ. ಬಣ್ಣದ ಬದಲು ವಿದ್ಯುತ್ ಅಳೆಯುವ ಸೆನ್ಸರಿಗೆ ಈ ಕೆಂಪಿನ ಕಾಟ ಅಷ್ಟಿಲ್ಲ. ಮಲೆನಾಡು, ಕರಾವಳಿಯಲ್ಲಿ ಶಿಬಿರ ನಡೆಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರಕ್ತವೂ ಹಾಗೆಯೇ. ವಸಡಿನ ರೋಗ ಇದ್ದವರ ಎಂಜಲಿನಲ್ಲಿ ರಕ್ತ ಬೆರೆತಿರುವುದು ಸಾಮಾನ್ಯ. ಹಿಮೋಗ್ಲೋಬಿನ್‌ಗೆ ಪೆರಾಕ್ಸಿಡೇಸ್‌ನಂಥ ಗುಣ ಇರುವುದರಿಂದ, ಪೆರಾಕ್ಸಿಡೇಸ್ ಕಿಣ್ವದಿಂದ ನೀಲಿ ಬಣ್ಣ ಬರಿಸುವ ಪರೀಕ್ಷೆಗಳಲ್ಲಿ ಗುರಿಯ ಅಣು ಇಲ್ಲದಿದ್ದರೂ ನೀಲಿ ಬರಬಹುದು. ಯಾರಿಗೆ ಪರೀಕ್ಷೆ ನಿಜಕ್ಕೂ ಬೇಕೋ ಅವರಲ್ಲೇ ಪರೀಕ್ಷೆ ಕೈಕೊಡುವುದು ಎಂದರೆ ಇದು.

ಮಾದರಿ ತೆಗೆಯುವುದೂ ಅಂದುಕೊಂಡಷ್ಟು ಹಗುರವಲ್ಲ. ರಕ್ತ ಕೊಡಲು ತೋಳು ಚಾಚುವ ಹಿರಿಯರು ನಾಲ್ಕು ಜನರ ಎದುರು ನಳಿಕೆಗೆ ಜೊಲ್ಲು ಸುರಿಸಲು ನಾಚುತ್ತಾರೆ. ಎಂಜಲು ಎಂಬ ಪದಕ್ಕೇ ನಮ್ಮಲ್ಲಿ ಮೈಲಿಗೆಯ ನೆರಳಿದೆ. ಬಾಯಿ ಮುಕ್ಕಳಿಸಿ ಉಗುಳುವ ವಿಧಾನದ ಕಿಟ್ಟುಗಳನ್ನು ಜನ ಸುಲಭವಾಗಿ ಒಪ್ಪುತ್ತಾರೆ ಎಂಬುದನ್ನು ನಾನು ಕಂಡಿದ್ದೇನೆ.

ಪಟ್ಟಿ ಪರೀಕ್ಷೆಗಳು

ಗರ್ಭಧಾರಣೆಯ ಕಡ್ಡಿ, ಕೋವಿಡ್ ಕಾಲದ ಮನೆಕಿಟ್ಟು ಎಲ್ಲರಿಗೂ ಗೊತ್ತು. ಅದೇ ತಂತ್ರ ಇಲ್ಲೂ. ಹನಿ ಬಿಟ್ಟರೆ ಕಾಗದದ ಮೇಲೆ ಹರಿದು, ಬಣ್ಣದ ಕಣ ಅಂಟಿಸಿದ ಪ್ರತಿಕಾಯ ಗುರಿಯನ್ನು ಹಿಡಿದು, ಗೆರೆಯ ಮೇಲೆ ಶೇಖರವಾಗುತ್ತದೆ. ವಿದ್ಯುತ್ ಬೇಡ, ತರಬೇತಿ ಹೆಚ್ಚು ಬೇಡ, ಬೆಲೆ ಕಡಿಮೆ.

ಈ ಗುಂಪಿನಲ್ಲಿ ವೈದ್ಯರ ಮೇಜಿನವರೆಗೆ ನಿಜವಾಗಿ ಬಂದು ತಲುಪಿರುವುದು ಎಂಎಂಪಿ-8 ಪಟ್ಟಿ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಟಿಮೊ ಸೊರ್ಸಾ ದಶಕಗಳಿಂದ ಬೆನ್ನು ಹತ್ತಿದ ಕಿಣ್ವವಿದು. ಪೆರಿಯೋಸೇಫ್ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ. ಬಾಯಿ ಮುಕ್ಕಳಿಸಿದ ನೀರಿನಿಂದ ಸುಮಾರು ಐದು ನಿಮಿಷದಲ್ಲಿ ಉತ್ತರ ಬರುತ್ತದೆ, ಗಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ. ಗೆರೆಯ ಗಾಢತೆಯನ್ನು ಸಂಖ್ಯೆಯಾಗಿ ಓದಲು ಒರಲೈಸರ್ ಎಂಬ ಸಣ್ಣ ಯಂತ್ರವೂ ಉಂಟು. ಆ ಕಿಣ್ವದ ಕ್ರಿಯಾಶೀಲ ರೂಪವನ್ನಷ್ಟೇ ಹಿಡಿಯುವಂತೆ ಇದನ್ನು ಮಾಡಿರುವುದು ಇದರ ಶಕ್ತಿ. ಸುಮ್ಮನೆ ಮಲಗಿರುವ ಕಿಣ್ವ ಲೆಕ್ಕಕ್ಕಿಲ್ಲ, ಕತ್ತರಿಸುತ್ತಿರುವುದು ಲೆಕ್ಕ. ಆದರೆ ಇದು ಬ್ಯಾಕ್ಟೀರಿಯಾ ಪರೀಕ್ಷೆಯಲ್ಲ. ‘ವಸಡಿನ ಬ್ಯಾಕ್ಟೀರಿಯಾ ಪರೀಕ್ಷೆ’ ಎಂದು ಯಾರಾದರೂ ಇದನ್ನು ಮಾರಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಬ್ಯಾಕ್ಟೀರಿಯಾದ ಪ್ರೋಟೀನನ್ನೇ ಹಿಡಿಯುವ ಪಟ್ಟಿ ಕೊಳ್ಳುವವರು ಒಂದು ಪ್ರಶ್ನೆ ಕೇಳಬೇಕು: ಪ್ರತಿಕಾಯ ಯಾವುದರ ವಿರುದ್ಧ? ಜಿಂಜಿವಾಲಿಸ್ ಮೈಮೇಲಿನ ಕೂದಲೆಳೆಯಂಥ ಫಿಂಬ್ರಿಯಾದಲ್ಲಿ ಹಲವು ಬಗೆಗಳಿವೆ. ಒಂದು ಬಗೆಗೆ ಮಾಡಿದ ಪ್ರತಿಕಾಯ ಮತ್ತೊಂದನ್ನು ಬಿಟ್ಟುಬಿಡಬಹುದು.

ಕಿಣ್ವ ಹಿಡಿಯುವವು, ನನ್ನ ಪಕ್ಷಪಾತ

ಇಲ್ಲಿ ನಾನು ನಿಷ್ಪಕ್ಷಪಾತಿ ಎಂದು ನಟಿಸುವುದಿಲ್ಲ. ಜಿಂಜಿಪೇನ್ ನನಗೆ ಮೆಚ್ಚಿನ ಗುರಿ. ಪ್ರೋಟೀನ್ ಸರಪಳಿಯಲ್ಲಿ ಆರ್ಜಿನಿನ್ ಅಥವಾ ಲೈಸಿನ್ ಬಂದ ತಕ್ಷಣ ಅದರ ಪಕ್ಕದಲ್ಲಿ ಕತ್ತರಿಸುವ ಈ ಕಿಣ್ವಗಳನ್ನು ಜಿಂಜಿವಾಲಿಸ್ ಹೊರಕ್ಕೆ ಬಿಡುತ್ತದೆ, ಅವುಗಳಿಂದಲೇ ಹೊಟ್ಟೆ ಹೊರೆಯುತ್ತದೆ. ಒಂದು ಕಿಣ್ವದ ಅಣು ಸಾವಿರಾರು ಸಲ ಕತ್ತರಿಸುವುದರಿಂದ ಸಂಕೇತ ತಾನಾಗಿಯೇ ದೊಡ್ಡದಾಗುತ್ತದೆ. ಡಿಎನ್‌ಎಯನ್ನು ಹಿಗ್ಗಿಸಲು ಯಂತ್ರ ಬೇಕು, ಇಲ್ಲಿ ಹಿಗ್ಗಿಸುವ ಕೆಲಸವನ್ನು ಆರೋಪಿಯೇ ಮಾಡಿಕೊಡುತ್ತಾನೆ.

ಈ ಬಗೆಯ ಅಜ್ಜ ಎಂದರೆ ಬಾನಾ ಪರೀಕ್ಷೆ. ಮಿಷಿಗನ್ ವಿಶ್ವವಿದ್ಯಾಲಯದ ವಾಲ್ಟರ್ ಲೋಷ್ ಇದರ ಹಿಂದಿದ್ದವರು. ವಸಡಿನ ಕೆಳಗಿನ ಪಾಚಿಯನ್ನು ಕೆರೆದು ಪಟ್ಟಿಗೆ ಸವರಿ, 55 ಡಿಗ್ರಿಯಲ್ಲಿ ಕೆಲವು ನಿಮಿಷ ಬೆಚ್ಚಗಿಟ್ಟರೆ ನೀಲಿ ಮೂಡುತ್ತದೆ. ಕೆಂಪು ಗುಂಪಿನ ಮೂವರಲ್ಲೂ ಈ ಗುಣವಿರುವುದರಿಂದ ಯಾರು ಎಂದು ಹೇಳುವುದಿಲ್ಲ, ‘ಮೂವರಲ್ಲಿ ಯಾರೋ ಇದ್ದಾರೆ’ ಎನ್ನುತ್ತದೆ. ವೈದ್ಯರಿಗೆ ಬಹುಪಾಲು ಅಷ್ಟೇ ಸಾಕು. ಬೇಕಾದದ್ದು ಪಾಚಿ, ಎಂಜಲಲ್ಲ, ಎಂಬುದು ಇದರ ಮಿತಿ.

ಹೊಸ ತಲೆಮಾರಿನದಕ್ಕೆ ಒಂದು ಒಳ್ಳೆಯ ಉದಾಹರಣೆ 2018ರಲ್ಲಿ ಸೌದಿ ಅರೇಬಿಯಾದ ಸಂಶೋಧಕರು ಯುರೋಪಿನ ಜೊತೆಗಾರರೊಂದಿಗೆ ಪ್ರಕಟಿಸಿದ ಸೆನ್ಸರ್. ಚಿನ್ನದ ತಗಡಿನ ಮೇಲೆ ಪೆಪ್ಟೈಡ್ ಎಂಬ ಸಣ್ಣ ಪ್ರೋಟೀನ್ ತುಣುಕುಗಳ ದಾರಗಳಿಂದ ಕಪ್ಪು ಕಾಂತೀಯ ಕಣಗಳನ್ನು ಕಟ್ಟಿಹಾಕಿರುತ್ತಾರೆ. ಮೇಲಿನಿಂದ ನೋಡಿದರೆ ಕಪ್ಪು. ಎಂಜಲಿನಲ್ಲಿ ಜಿಂಜಿಪೇನ್ ಇದ್ದರೆ ದಾರ ಕತ್ತರಿಸುತ್ತದೆ, ಹಿಂದಿಟ್ಟ ಅಯಸ್ಕಾಂತ ಕಣಗಳನ್ನು ಎಳೆದುಕೊಳ್ಳುತ್ತದೆ, ಕೆಳಗಿನ ಹೊಂಬಣ್ಣ ಕಾಣುತ್ತದೆ. ಬ್ಯಾಟರಿ ಇಲ್ಲ, ಪರದೆ ಇಲ್ಲ. ಕಪ್ಪು ಹೋಗಿ ಚಿನ್ನ ಬಂದರೆ ರೋಗಿಗೆ ಕೆಟ್ಟ ಸುದ್ದಿ.

ಬಲೆಗಳೂ ಇವೆ. ಜಿಂಜಿಪೇನ್ ಸಿಸ್ಟೀನ್ ಗುಂಪಿನ ಕಿಣ್ವ, ಚುರುಕಾಗಲು ಅಪಕರ್ಷಕ ವಾತಾವರಣ ಬೇಕು. ಮಾದರಿ ಗಾಳಿಗೆ ತೆರೆದು ಕೂತಷ್ಟೂ ಕಿಣ್ವ ಮಂಕಾಗುತ್ತದೆ. ಎಂಜಲಿನ ಪ್ರೋಟೀನ್‌ಗಳನ್ನು ಕಾಪಾಡಲು ಕೆಲವರು ಅಭ್ಯಾಸಬಲದಿಂದ ಪ್ರೋಟಿಯೇಸ್ ತಡೆಗಾರಕ, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ವಸ್ತು, ಸೇರಿಸುತ್ತಾರೆ. ಹಾಗೆ ಮಾಡಿದರೆ ನೀವು ಹುಡುಕುವ ಕಿಣ್ವವನ್ನು ನೀವೇ ಕಟ್ಟಿಹಾಕಿದಂತೆ. ಎಂಎಂಪಿ-8ಗೂ ಜಿಂಜಿಪೇನ್‌ಗೂ ಒಂದೇ ಸೀಸೆಯಿಂದ ಮಾದರಿ ಕೊಡಲು ಹೊರಟ ವಿದ್ಯಾರ್ಥಿಗಳು ಇಲ್ಲೇ ಎಡವುತ್ತಾರೆ. ನಮ್ಮ ಬಿಳಿರಕ್ತಕಣಗಳ ಕಿಣ್ವಗಳೂ ಕೆಲವು ದಾರಗಳನ್ನು ಕತ್ತರಿಸಬಲ್ಲವು, ಹಾಗಾಗಿ ಪೆಪ್ಟೈಡಿನ ಆಯ್ಕೆಯೇ ಈ ಸೆನ್ಸರಿನ ಜೀವಾಳ.

ವಿದ್ಯುತ್ತಿನ ಮಾತು

1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಕಿಣ್ವವನ್ನು ಎಲೆಕ್ಟ್ರೋಡಿಗೆ ಜೋಡಿಸುವ ದಾರಿ ತೋರಿಸಿದರು. ಇಂದಿನ ಗ್ಲುಕೋಮೀಟರ್ ಆ ವಂಶದ್ದು. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹುಟ್ಟಿದ ಪಾಥ್‌ಶೋಧ್ ಕಂಪನಿ ಮಧುಮೇಹದ ಹಲವು ಅಳತೆಗಳನ್ನು ಅಂಗೈ ಯಂತ್ರದಲ್ಲಿ ತೆಗೆಯುತ್ತಿರುವುದೂ ವಿದ್ಯುದ್ರಾಸಾಯನಿಕ ತಂತ್ರದಿಂದಲೇ. ಹಾಗಾದರೆ ವಸಡಿಗೂ ಅಂಥದ್ದೊಂದು ಯಾಕಿಲ್ಲ?

ಗ್ಲೂಕೋಸ್ ಅಣುಗಳನ್ನು ಒಂದು ಚಿಕ್ಕ ಹನಿ ರಕ್ತದಲ್ಲೂ ಲಕ್ಷ ಕೋಟಿಗಳಲ್ಲಿ ಎಣಿಸಬೇಕು. ಅವುಗಳ ಮೇಲೆ ಕಿಣ್ವ ಬಿಟ್ಟರೆ ಸಾಕು, ವಿದ್ಯುತ್ ಹರಿಯುತ್ತದೆ. ಬ್ಯಾಕ್ಟೀರಿಯಾ ಅಷ್ಟು ಸಿಗುವುದಿಲ್ಲ, ತಾನಾಗಿ ವಿದ್ಯುತ್ ಕೊಡುವುದೂ ಇಲ್ಲ. ಆದ್ದರಿಂದ ಅನೇಕರು ಹಿಡಿಯುವ ದಾರಿ ಇಂಪಿಡೆನ್ಸ್: ಎಲೆಕ್ಟ್ರೋಡಿನ ಮೇಲೆ ಪ್ರತಿಕಾಯ ಹಾಸಿ, ಬ್ಯಾಕ್ಟೀರಿಯಾ ಬಂದು ಕೂತಾಗ ಎಲೆಕ್ಟ್ರಾನ್ ದಾಟುವುದಕ್ಕೆ ಎಷ್ಟು ಅಡ್ಡಿಯಾಯಿತು ಎಂದು ಅಳೆಯುವುದು. ತತ್ವ ಚೆಂದ. ದಾರಿಗೆ ಅಡ್ಡ ಕೂತಿರುವುದು ಜಿಂಜಿವಾಲಿಸೋ ಮ್ಯೂಸಿನ್ನೋ ಎಂದು ಎಲೆಕ್ಟ್ರೋಡು ವಿಚಾರಿಸುವುದಿಲ್ಲ. ಪ್ರತಿಕಾಯವಿಲ್ಲದ ಜೋಡಿ ಎಲೆಕ್ಟ್ರೋಡನ್ನು ಪಕ್ಕದಲ್ಲಿಟ್ಟು ಅದರ ಅಳತೆಯನ್ನು ಕಳೆಯದ ಯಾವ ಇಂಪಿಡೆನ್ಸ್ ಸೆನ್ಸರನ್ನೂ ನಾನು ನಂಬುವುದಿಲ್ಲ.

ದಕ್ಷಿಣ ಕೊರಿಯಾದ ಸಂಶೋಧಕರು ಇಡೀ ಕೋಶದ ಗೊಡವೆ ಬಿಟ್ಟು, ಒಡಾಮ್ ಎಂಬ ಪ್ರೋಟೀನನ್ನು ಎರಡು ಆಪ್ಟಮರ್‌ಗಳ ನಡುವೆ ಸಿಕ್ಕಿಸುವ ಒಯ್ಯಬಲ್ಲ ವಿದ್ಯುದ್ರಾಸಾಯನಿಕ ಸೆನ್ಸರ್ ಮಾಡಿದ್ದಾರೆ. ಅದೂ ಆತಿಥೇಯ ದೇಹದ ಗುರುತೇ. ಆಪ್ಟಮರ್ ಬಿಸಿಲಿಗೆ, ಸಾಗಣೆಗೆ ಪ್ರತಿಕಾಯಕ್ಕಿಂತ ಗಟ್ಟಿ. ಕಲಬುರಗಿಯ ಮೇ ತಿಂಗಳಿಗೆ ಅದು ಸಣ್ಣ ಗುಣವಲ್ಲ.

ಬ್ರಿಟನ್ನಿನ ನ್ಯೂಕ್ಯಾಸಲ್‌ನವರು 2019ರಲ್ಲಿ ಮತ್ತೊಂದು ದಾರಿ ಹಿಡಿದರು, ಚಿಪ್ಪಿನ ಮೇಲ್ಮೈಯಲ್ಲಿ ಓಡುವ ಧ್ವನಿ ಅಲೆ. ಎಂಎಂಪಿ-8 ಅಂಟಿಕೊಂಡಾಗ ಅಲೆಯ ನಡಿಗೆ ಬದಲಾಗುತ್ತದೆ. ಎಂಜಲಿನ ನಿಜ ಮಾದರಿಗಳಲ್ಲೇ ಪರೀಕ್ಷಿಸಿದ್ದು ಅವರ ಕೆಲಸದ ತೂಕ.

ಬೆಳಕಿನ ಸೆನ್ಸರ್: ನೋಡಲು ಚೆಂದ

ಎಸ್‌ಪಿಆರ್ ಎಂಬ ಬೆಳಕಿನ ತಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮಾರು ಐವತ್ತು ನ್ಯಾನೋಮೀಟರ್ ದಪ್ಪದ ಚಿನ್ನದ ಪದರದ ಮೇಲೆ ಏನಾದರೂ ಅಂಟಿದರೆ ಬೆಳಕಿನ ಕೋನ ಬದಲಾಗುತ್ತದೆ. ಅದರ ನೋಟ ಮೇಲ್ಮೈಯಿಂದ ಇನ್ನೂರು ನ್ಯಾನೋಮೀಟರ್ ಆಸುಪಾಸಿನವರೆಗೆ ಮಾತ್ರ. ಬ್ಯಾಕ್ಟೀರಿಯಾದ ಮೈ ಅದಕ್ಕಿಂತ ಎಷ್ಟೋ ಎತ್ತರ, ಅರ್ಧಕ್ಕಿಂತ ಹೆಚ್ಚು ದೇಹ ನೋಟದಿಂದ ಹೊರಗೇ ಉಳಿಯುತ್ತದೆ. ಪ್ರೋಟೀನಿಗೆ ಸರಿ, ಕೋಶಕ್ಕೆ ಅಷ್ಟಕ್ಕಷ್ಟೇ. ಪ್ರತಿಕಾಯ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆಯಲು ಇದಕ್ಕೆ ಸಾಟಿಯಿಲ್ಲ. ಚಿಕಿತ್ಸಾಲಯಕ್ಕೆ ತರುವ ಯೋಚನೆ ಬೇಡ.

ಹಲ್ಲಿಗೆ ಅಂಟಿಸುವ ಸೆನ್ಸರಿನ ಸುದ್ದಿಯೂ ಆಗಾಗ ಬರುತ್ತದೆ. 2012ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ರೇಷ್ಮೆಯ ಮೇಲೆ ಗ್ರಾಫೀನ್ ಮುದ್ರಿಸಿ ಹಲ್ಲಿಗೆ ಅಂಟಿಸಿ ತೋರಿಸಿದ್ದರು. ಅದು ಎಂಜಲಿನಲ್ಲಿ ಹಿಡಿದದ್ದು ಹೊಟ್ಟೆಹುಣ್ಣಿನ ಬ್ಯಾಕ್ಟೀರಿಯಾವನ್ನು, ವಸಡಿನದ್ದನ್ನಲ್ಲ. ಕೊಳ್ಳಲು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ಪಿಸಿಆರ್, ಲ್ಯಾಂಪ್, ಕ್ರಿಸ್ಪರ್

ಯಾವ ಬ್ಯಾಕ್ಟೀರಿಯಾ, ಎಷ್ಟು ಎಂದು ಹೆಸರು ಸಮೇತ ಬೇಕಾದರೆ ಪಿಸಿಆರ್. ಅಮೆರಿಕದ ಮೈಪೆರಿಯೋಪಾತ್ ಪರೀಕ್ಷೆಯಲ್ಲಿ ಲವಣದ್ರವ ಮುಕ್ಕಳಿಸಿ ನಳಿಕೆಗೆ ಉಗುಳಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಹನ್ನೊಂದು ಬ್ಯಾಕ್ಟೀರಿಯಾಗಳ ಲೆಕ್ಕ ಬರುತ್ತದೆ. ಉತ್ತರ ಆ ಕ್ಷಣಕ್ಕೆ ಸಿಗುವುದಿಲ್ಲ. ಚಿಕಿತ್ಸೆಯಾದ ಎರಡು ದಿನಕ್ಕೇ ಮಾಡಿಸಿದರೆ ಸತ್ತವರ ಡಿಎನ್‌ಎಯನ್ನೂ ಎಣಿಸಿ ‘ಚಿಕಿತ್ಸೆ ಫಲಿಸಿಲ್ಲ’ ಎಂಬ ಭಾವನೆ ಹುಟ್ಟಿಸಬಹುದು. ಅದೇ ಲದ್ದಿಯ ಕತೆ.

ಡಿಎನ್‌ಎಯನ್ನು ಹಿಗ್ಗಿಸುವ ಇನ್ನೊಂದು ದಾರಿಯಾದ ಲ್ಯಾಂಪ್ ವಿಧಾನಕ್ಕೆ 60ರಿಂದ 65 ಡಿಗ್ರಿಯ ಒಂದೇ ಶಾಖ ಸಾಕು, ಏರಿಳಿಸುವ ಯಂತ್ರ ಬೇಡ. ಕ್ರಿಸ್ಪರ್ ಸೇರಿಸಿದರೆ ತಪ್ಪು ಹಿಗ್ಗುವಿಕೆಯನ್ನು ಸೋಸಬಹುದು. ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆ 2020ರಲ್ಲಿ ಕೋವಿಡ್‌ಗಾಗಿ ಫೆಲುದಾ ಪಟ್ಟಿ ತಂದಾಗ ಕ್ರಿಸ್ಪರ್ ಪರೀಕ್ಷೆ (ಅಲ್ಲಿ ಅದರ ಜೊತೆಗಿದ್ದದ್ದು ಲ್ಯಾಂಪ್ ಅಲ್ಲ, ಪಿಸಿಆರ್) ನಮ್ಮ ದೇಶದಲ್ಲೂ ಮಾಡಬಹುದಾದದ್ದು ಎಂಬುದು ಖಚಿತವಾಯಿತು. ವಸಡಿಗೆ ಈ ತಂತ್ರ ಸಂಶೋಧನೆಯ ಹಂತದಲ್ಲಿದೆ. ನನ್ನ ಅನುಮಾನ ಬೇರೆ: ಬೆರಳೆಣಿಕೆಯ ಕೋಶಗಳನ್ನು ಹುಡುಕುವ ಈ ಶಕ್ತಿ ವಸಡಿನ ರೋಗಕ್ಕೆ ಬೇಕೇ? ನೊಣ ಹೊಡೆಯಲು ಫಿರಂಗಿ ಎಳೆದಂತೆ.

ಹಾಗಾದರೆ ಯಾರಿಗೆ ಯಾವುದು

ಒಂದು ಲೆಕ್ಕ ಹಾಕಿ ನೋಡೋಣ. ಪರೀಕ್ಷೆಯೊಂದು ರೋಗ ಇದ್ದವರಲ್ಲಿ ನೂರಕ್ಕೆ 80 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ 80 ಜನರನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ತೀವ್ರ ವಸಡಿನ ರೋಗ ಹದಿನೈದು ದಾಟಿದವರಲ್ಲಿ ಸುಮಾರು ಶೇಕಡ 19ರಷ್ಟಿದೆ ಎಂದು ಅಂದಾಜಿಸಿದೆ. ಹಳ್ಳಿಯ ಶಿಬಿರಕ್ಕೆ ಬಂದ ನೂರು ಜನರಲ್ಲಿ 20 ಜನರಿಗೆ ರೋಗವಿದೆ ಎಂದಿಟ್ಟುಕೊಂಡರೆ 16 ಜನ ಸಿಕ್ಕಿಬೀಳುತ್ತಾರೆ. ರೋಗವಿಲ್ಲದ 80 ಜನರಲ್ಲೂ 16 ಜನರಿಗೆ ‘ಇದೆ’ ಎಂದು ಬರುತ್ತದೆ. ಅಂದರೆ ಗೆರೆ ಮೂಡಿದ 32 ಜನರಲ್ಲಿ ಅರ್ಧದಷ್ಟು ಜನರನ್ನು ಸುಮ್ಮನೆ ಹೆದರಿಸಿದಂತಾಯಿತು. ಅದೇ ಪಟ್ಟಿಯನ್ನು ವಸಡಿನ ತಜ್ಞರ ಬಳಿ, ನೂರರಲ್ಲಿ 70 ಜನರಿಗೆ ರೋಗ ಇರುವ ಕಡೆ ಬಳಸಿದರೆ 56 ಸರಿ, 6 ತಪ್ಪು. ಪಟ್ಟಿ ಬದಲಾಗಲಿಲ್ಲ, ಸಾಲಿನಲ್ಲಿ ನಿಂತವರು ಬದಲಾದರು.

ದಂತ ಚಿಕಿತ್ಸಾಲಯ ನಡೆಸುವವರು ಕೊಳ್ಳುವುದಾದರೆ ಎಂಎಂಪಿ-8 ಪಟ್ಟಿ ಕೊಳ್ಳಲಿ. ರೋಗ ಪತ್ತೆಗೆ ಅಲ್ಲ, ಸ್ಕೇಲಿಂಗ್ (ಹಲ್ಲಿನ ಪಾಚಿ ಕೆರೆದು ಶುಚಿ ಮಾಡುವುದು) ಮಾಡಿದ ಮೇಲೆ ಉರಿಯೂತ ತಣ್ಣಗಾಗುತ್ತಿದೆಯೇ ಎಂದು ಅದೇ ರೋಗಿಯನ್ನು ಮೂರು ತಿಂಗಳಿಗೊಮ್ಮೆ ನೋಡಲು. ಮಧುಮೇಹಿಗಳಲ್ಲಿ ಇದಕ್ಕೆ ಇನ್ನಷ್ಟು ಬೆಲೆ, ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಸಿಗುವುದಿಲ್ಲ. ಚಿಕಿತ್ಸೆಗೆ ಬಗ್ಗದ, ಪ್ರತಿಜೀವಕ ಕೊಡಬೇಕೋ ಬೇಡವೋ ಎಂಬ ಗೊಂದಲವಿರುವ ಒಬ್ಬಿಬ್ಬರಿಗೆ ಮಾತ್ರ ಪಿಸಿಆರ್.

ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ) ಪ್ರಬಂಧಕ್ಕೆ ವಿಷಯ ಹುಡುಕುವವರಿಗೆ ನನ್ನ ಸಲಹೆ ಜಿಂಜಿಪೇನ್. ಯಂತ್ರದ ಖರ್ಚು ಕಡಿಮೆ, ಪ್ರಶ್ನೆ ಗಟ್ಟಿ, ತಾಂಬೂಲದ ಅಡ್ಡಿಯನ್ನು ಅಳೆದು ಬರೆದರೂ ಒಂದು ಹೊಸ ಅಧ್ಯಾಯವಾಗುತ್ತದೆ. ಹೋಲಿಕೆಗೆ ಪಿಸಿಆರ್ ಇರಲಿ, ಪ್ರತಿ ರೋಗಿಯ ಜೇಬಿನ ಆಳವೂ ಬರೆದಿರಲಿ. ಅದಿಲ್ಲದೆ ಬರೀ ಎರಡು ಸೆನ್ಸರ್‌ಗಳನ್ನು ಒಂದಕ್ಕೊಂದು ಹೋಲಿಸಿದ ಪ್ರಬಂಧಗಳು ಎರಡು ನಿಂತ ಗಡಿಯಾರಗಳನ್ನು ಹೋಲಿಸಿದಂತಿರುತ್ತವೆ. ಎಂಜಿನಿಯರಿಂಗ್ ಕಡೆಯವರು ವಿದ್ಯುದ್ರಾಸಾಯನಿಕಕ್ಕೆ ಹೋಗಲಿ, ಅಲ್ಲಿ ಬಗೆಹರಿಯದ ಕೆಲಸ ಬೇಕಾದಷ್ಟಿದೆ.

ಮನೆಯಲ್ಲೇ ಪರೀಕ್ಷಿಸಿಕೊಳ್ಳಬೇಕೆನ್ನುವವರಿಗೆ ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ ಎನ್ನುತ್ತೇನೆ. ಹಲ್ಲುಜ್ಜಿದಾಗ ಬ್ರಷ್ ಕೆಂಪಾಗುತ್ತಿದ್ದರೆ ಗೆರೆ ಮೂಡಿದರೂ ಮೂಡದಿದ್ದರೂ ನೀವು ವೈದ್ಯರ ಬಳಿ ಹೋಗಲೇಬೇಕು. ಗೆರೆ ಮೂಡಲಿಲ್ಲವೆಂದು ಸುಮ್ಮನಾದರೆ ಪರೀಕ್ಷೆ ಮಾಡಿಸದೆ ಇದ್ದದ್ದಕ್ಕಿಂತ ಕೆಟ್ಟದಾಯಿತು. ಸಿಗರೇಟು ಸೇದುವವರು ಇನ್ನೂ ಎಚ್ಚರವಾಗಿರಬೇಕು, ಅವರಲ್ಲಿ ರೋಗ ಬಲಿತಿದ್ದರೂ ರಕ್ತ ಕಡಿಮೆ ಬರುತ್ತದೆ.

ಕೊಳ್ಳಲೇಬೇಕಾದವರು ಮಾರಾಟಗಾರರ ಎದುರು ಕೂತಾಗ ಮೂರು ವಿಷಯ ಕೇಳಿ. 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಇದಕ್ಕೆ ಪರವಾನಗಿ ಇದೆಯೇ, ಪತ್ರ ತೋರಿಸಿ. ಮಾದರಿ ತೆಗೆದು ಎಷ್ಟು ಹೊತ್ತಿನೊಳಗೆ ಪರೀಕ್ಷಿಸಬೇಕು, ಸೆಂಟ್ರಿಫ್ಯೂಜ್ ಮಾಡಬೇಕೇ ಬೇಡವೇ? ಕೊನೆಯದಾಗಿ, ಬ್ರೋಷರಿನಲ್ಲಿ ಬರೆದ ಅಂಕಿಗಳು ಬಂದದ್ದು ರೋಗಿಗಳ ಎಂಜಲಿನಿಂದಲೋ, ಬಫರಿಗೆ ಬ್ಯಾಕ್ಟೀರಿಯಾ ಬೆರೆಸಿದ ನೀರಿನಿಂದಲೋ? ಮೂರನೆಯ ಪ್ರಶ್ನೆಗೆ ‘ಕಚೇರಿಗೆ ಕೇಳಿ ಹೇಳುತ್ತೇನೆ ಸರ್’ ಎಂಬ ಉತ್ತರವನ್ನು ನಾನು ಇದುವರೆಗೆ ನಾಲ್ಕು ಸಲ ಕೇಳಿದ್ದೇನೆ. ಒಬ್ಬರೂ ವಾಪಸ್ ಫೋನ್ ಮಾಡಿಲ್ಲ.